ಲಾರಿ ಕಾಟಾಕ್ಕೆ ಲುವಾ ಜೋಡಿಸಿದ ಕೆಲಸದ ದಾಖಲೆ: ಸಿ ಕೋಡ್‌ನಿಂದ ವೇರಿಯಬಲ್ ಓದುವುದು, ಬರೆಯುವುದು

ದಾವಣಗೆರೆಯಲ್ಲಿ ಅಕ್ಟೋಬರ್ ಹೊತ್ತಿಗೆ ಮೆಕ್ಕೆಜೋಳದ ಆವಕ ಏರತೊಡಗಿದರೆ ಮಂಡಿಗಳ ಲಾರಿ ಕಾಟಾಗಳಿಗೆ ಬಿಡುವೇ ಇರುವುದಿಲ್ಲ. ಅಂಥ ಒಂದು ಕಾಟಾದ ತೂಕದ ಚೀಟಿ ಬರೆಯುವ ಪ್ರೋಗ್ರಾಂ ನನ್ನ ಉಸ್ತುವಾರಿಯಲ್ಲಿದೆ. ಸಿ ಭಾಷೆಯಲ್ಲಿ ಬರೆದದ್ದು. ತೂಕದ ಅಂಕಿ ತೋರಿಸುವ ಇಂಡಿಕೇಟರ್‌ನಿಂದ ಸೀರಿಯಲ್ ಕೇಬಲ್ ಮೂಲಕ ಬರುವ ತೂಕವನ್ನು ಓದಿ, ಖಾಲಿ ಲಾರಿಯ ತೂಕ ಕಳೆದು, ಹಮಾಲಿ, ತೇವಾಂಶದ ಕಡಿತ, ಕಾಟಾ ಬಾಡಿಗೆ ಎಲ್ಲ ಹಾಕಿ ಚೀಟಿ ಮುದ್ರಿಸುತ್ತದೆ. ದರಗಳೆಲ್ಲ ಕೋಡ್‌ನ ಹೊಟ್ಟೆಯೊಳಗೇ ಇದ್ದುದರಿಂದ ಹಮಾಲಿ ಎಂಟಾಣೆ ಏರಿದರೂ ನಾನೇ ಹೋಗಿ ಮತ್ತೆ ಕಂಪೈಲ್ ಮಾಡಬೇಕಿತ್ತು. ಮಂಡಿಯ ಸಾಹುಕಾರರು ಒಂದು ದಿನ ಹೇಳಿಯೇಬಿಟ್ಟರು: "ದರವನ್ನು ನಮ್ಮ ಗುಮಾಸ್ತರೇ ಬದಲಿಸುವ ಹಾಗೆ ಮಾಡಿಕೊಡಿ. ಸಣ್ಣದಕ್ಕೆಲ್ಲ ನಿಮ್ಮನ್ನು ಕರೆಸುವುದು ನಮಗೂ ಸಂಕೋಚ."

ಬರೀ ದರಗಳಾಗಿದ್ದರೆ ಸಾಲಿಗೊಂದು ಸಂಖ್ಯೆ ಬರೆದ ಫೈಲ್ ಸಾಕಿತ್ತು. ಆದರೆ ಕಡಿತದ ಲೆಕ್ಕದ ರೀತಿಯೂ ಬದಲಾಗುತ್ತಿರುತ್ತದೆ. ತೇವಾಂಶ ಶೇಕಡ 14 ದಾಟಿದರೆ ಎಷ್ಟು ಕಳೆಯಬೇಕು, ಅರ್ಧ ಶೇಕಡವನ್ನು ಹೇಗೆ ಹಿಡಿಯಬೇಕು, ಸುಗ್ಗಿಯ ನಡುವೆ ಮಳೆ ಬಂದರೆ ಏನು ಮಾಡಬೇಕು ಎಂಬುದೆಲ್ಲ ಅಲ್ಲಲ್ಲೇ ತೀರ್ಮಾನವಾಗುವ ಸಂಗತಿಗಳು. ಹೀಗಾಗಿ ಸ್ಕ್ರಿಪ್ಟ್ ಭಾಷೆಯೊಂದನ್ನೇ ಒಳಗೆ ಕೂರಿಸಿದೆ. ಆರಿಸಿದ್ದು ಲುವಾ. 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ಭಾಷೆ ಸಿ ಪ್ರೋಗ್ರಾಂಗಳ ಒಳಗೆ ಕೆಲಸ ಮಾಡಲೆಂದೇ ಬೆಳೆದದ್ದು. ಗಾತ್ರ ಚಿಕ್ಕದು, ಎಂಐಟಿ ಪರವಾನಗಿಯಡಿ ಉಚಿತ.

ಕೆಳಗೆ ಫಂಕ್ಷನ್‌ಗಳ, ವೇರಿಯಬಲ್‌ಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಮಾಡಿಕೊಳ್ಳಿ.

ಹಂತ 1: ಸಾಮಾನು ಮತ್ತು ಖರ್ಚು

ಕಾಟಾ ಕೋಣೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪ್, ಅದರಲ್ಲಿ ಡೆಬಿಯನ್ ಲಿನಕ್ಸ್. ಹೊಸದಾಗಿ ಕೊಂಡದ್ದು ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಕೇಬಲ್ ಒಂದೇ, 450 ರೂಪಾಯಿ. ಹಳೆಯ ಕೇಬಲ್‌ನ ಕನೆಕ್ಟರ್‌ನಲ್ಲಿ ಜೋಳದ ದೂಳು ಗಟ್ಟಿಯಾಗಿ ಕೂತು ತೂಕದ ಅಂಕಿಗಳು ನಡುನಡುವೆ ತಪ್ಪಿ ಬರುತ್ತಿದ್ದವು. ಇಂಡಿಕೇಟರ್‌ನ ವೇಗ 9600, ಎಂಟು ಬಿಟ್, ಪ್ಯಾರಿಟಿ ಇಲ್ಲ. ಇಂಡಿಕೇಟರ್‌ನ ಒಳಗಿನ ಹೊಂದಾಣಿಕೆಗೆ ಕೈ ಹಾಕಿಲ್ಲ. ಅದರ ಮೇಲೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆಯಿದೆ, ಅದು ಹಾಗೆಯೇ ಇರಬೇಕು. ನನ್ನ ಕೆಲಸವೆಲ್ಲ ಅಂಕಿ ಹೊರಗೆ ಬಂದ ಮೇಲಿನದು.

ಹಂತ 2: ಲುವಾವನ್ನು ಪ್ರೋಗ್ರಾಂಗೆ ಜೋಡಿಸುವುದು

ಲುವಾ 5.4ರ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿಕೊಂಡೆ. ಮೊದಲ ಕಂಪೈಲ್‌ಗೇ, ಕೋಡ್‌ನ ತುಣುಕುಗಳನ್ನು ಒಂದುಗೂಡಿಸುವ ಲಿಂಕರ್ ತಕರಾರು ತೆಗೆಯಿತು: ಲುವಾದ ಒಂದೊಂದು ಫಂಕ್ಷನ್ ಹೆಸರನ್ನೂ ಹಿಡಿದು ಇದು ಎಲ್ಲಿದೆ ಎಂದು ಕೇಳುವ ಉದ್ದ ಪಟ್ಟಿ. ಲೈಬ್ರರಿಯ ಹೆಸರನ್ನು ಆಜ್ಞೆಯ ಸಾಲಿನಲ್ಲಿ ಸಿ ಫೈಲ್‌ಗಿಂತ ಮೊದಲು ಬರೆದಿದ್ದೆ. ಸಿ ಫೈಲ್ ಮೊದಲು, ಲುವಾ ಲೈಬ್ರರಿ ಆಮೇಲೆ, ಗಣಿತದ ಲೈಬ್ರರಿ ಕೊನೆಗೆ ಎಂಬ ಕ್ರಮದಲ್ಲಿ ಬರೆದ ಮೇಲೆ ಸುಮ್ಮನಾಯಿತು.

ಲುವಾದ ಎಲ್ಲ ಲೈಬ್ರರಿಗಳನ್ನೂ ತೆರೆಯುವ ಫಂಕ್ಷನ್ ಒಂದಿದೆ, ಅದನ್ನು ಬಳಸಲಿಲ್ಲ. ಮೂಲ, ಗಣಿತ, ಸ್ಟ್ರಿಂಗ್ ಇವಿಷ್ಟನ್ನೇ ತೆರೆದೆ. ದರದ ಫೈಲ್‌ಗೆ ಡಿಸ್ಕಿನ ಫೈಲ್ ಅಳಿಸುವ ಅಧಿಕಾರ ಬೇಕಿಲ್ಲ.

ಹಂತ 3: ಮೊದಲ ಓದು, ಮೊದಲ ಸೊನ್ನೆ

ದರದ ಫೈಲ್‌ನಲ್ಲಿ ಹಮಾಲಿ ಎಂಬ ವೇರಿಯಬಲ್‌ಗೆ 12 ಎಂದು ಬರೆದು, ಸಿ ಕಡೆಯಿಂದ ಹೀಗೆ ಓದಿದೆ (ಎಲ್ ಎಂದರೆ ಪ್ರೋಗ್ರಾಂನೊಳಗೆ ತೆರೆದಿಟ್ಟ ಲುವಾ):

ಲುವಾ_ಗೆಟ್‌ಗ್ಲೋಬಲ್(ಎಲ್, "ಹಮಾಲಿ");
ದರ = ಲುವಾ_ಟುನಂಬರ್(ಎಲ್, -1);
ಲುವಾ_ಪಾಪ್(ಎಲ್, 1);

ಗೆಟ್‌ಗ್ಲೋಬಲ್ ಎಂದರೆ ಆ ಹೆಸರಿನ ಮೌಲ್ಯವನ್ನು ತಂದು ಸಿ ಮತ್ತು ಲುವಾ ಮೌಲ್ಯ ಕೊಟ್ಟು ತೆಗೆದುಕೊಳ್ಳುವ ಸ್ಟ್ಯಾಕ್‌ನ ತುದಿಯಲ್ಲಿಡುತ್ತದೆ. ಮಂಡಿಯಲ್ಲಿ ಚೀಲದ ಅಟ್ಟಿ ಹಾಕುತ್ತಾರಲ್ಲ, ಅದೇ ಲೆಕ್ಕ: ಕೊನೆಗೆ ಇಟ್ಟದ್ದು ಮೇಲಿರುತ್ತದೆ, ತೆಗೆಯುವುದೂ ಮೇಲಿನಿಂದಲೇ. ಮೈನಸ್ 1 ಎಂದರೆ ಎಲ್ಲಕ್ಕಿಂತ ಮೇಲಿನದು, ಮೈನಸ್ 2 ಅದರ ಕೆಳಗಿನದು. ಟುನಂಬರ್ ಅದನ್ನು ಸಿ ಸಂಖ್ಯೆಯಾಗಿ ಕೊಡುತ್ತದೆ, ಆದರೆ ಸ್ಟ್ಯಾಕ್‌ನಿಂದ ತೆಗೆಯುವುದಿಲ್ಲ. ತೆಗೆಯುವುದು ಪಾಪ್‌ನ ಕೆಲಸ.

12 ಬಂತು. ಸಂತೋಷದಿಂದ ಫೈಲನ್ನು ಇನ್ನಷ್ಟು ಅಚ್ಚುಕಟ್ಟು ಮಾಡೋಣವೆಂದು ಹಮಾಲಿಯ ಮುಂದೆ ಲೋಕಲ್ ಎಂದು ಸೇರಿಸಿದೆ. ಲುವಾ ಬರೆಯುವವರಿಗೆ ಅದು ಒಳ್ಳೆಯ ಅಭ್ಯಾಸವೇ. ಆದರೆ ಲೋಕಲ್ ವೇರಿಯಬಲ್ ಗ್ಲೋಬಲ್ ಪಟ್ಟಿಗೆ ಸೇರುವುದೇ ಇಲ್ಲ. ಸಿ ಕಡೆಯಿಂದ ಕೇಳಿದರೆ ಸಿಗುವುದು ನಿಲ್, ಅಂದರೆ ಏನೂ ಇಲ್ಲ. ನಿಲ್ ಅನ್ನು ಟುನಂಬರ್‌ಗೆ ಕೊಟ್ಟರೆ ಅದು ಸದ್ದಿಲ್ಲದೆ ಸೊನ್ನೆ ಕೊಡುತ್ತದೆ. ದೋಷದ ಸಂದೇಶವಿಲ್ಲ, ಎಚ್ಚರಿಕೆಯಿಲ್ಲ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಇದೇ ಗತಿ.

ಆದ್ದರಿಂದ ದರ ಓದುವುದಕ್ಕೆಂದೇ ಪ್ರತ್ಯೇಕ ಫಂಕ್ಷನ್ ಬರೆದೆ. ಮೊದಲು ಮೌಲ್ಯದ ಪ್ರಕಾರ ನೋಡು: ಸಂಖ್ಯೆಯೋ, ಸ್ಟ್ರಿಂಗ್ ಎಂದರೆ ಅಕ್ಷರಗಳ ಸಾಲೋ, ನಿಲ್ಲೋ. 5.3ರಿಂದ ಈಚೆಗೆ ಗೆಟ್‌ಗ್ಲೋಬಲ್ ತಾನೇ ಪ್ರಕಾರವನ್ನು ಹಿಂದಿರುಗಿಸುತ್ತದೆ. ಸಂಖ್ಯೆಯಲ್ಲದಿದ್ದರೆ ಹೆಸರು ಸಮೇತ ಸಂದೇಶ ಕೊಟ್ಟು ನಿಲ್ಲು. ಇಲ್ಲಿ ಲುವಾ_ಇಸ್‌ನಂಬರ್ ನಂಬಬೇಡಿ. ಉದ್ಧರಣ ಚಿಹ್ನೆಯೊಳಗೆ "12" ಎಂದು ಬರೆದಿದ್ದರೂ ಅದು ಸಂಖ್ಯೆಯೆಂದೇ ಒಪ್ಪಿಕೊಳ್ಳುತ್ತದೆ. ಪ್ರಕಾರವನ್ನೇ ಹೋಲಿಸಿ ನೋಡುವುದು ಗಟ್ಟಿ ದಾರಿ. ದರ ಸಿಗದಿದ್ದರೆ ಯಾವುದೋ ಒಂದು ಬದಲಿ ಮೌಲ್ಯ ಹಿಡಿದು ಮುಂದೆ ಹೋಗುವ ಪದ್ಧತಿ ಬೇರೆ ಕಡೆ ಇರಲಿ. ಹಣದ ಲೆಕ್ಕದಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ಕಾಟಾ ಹತ್ತು ನಿಮಿಷ ನಿಂತರೆ ಸಾಹುಕಾರರು ಬೈಯುತ್ತಾರೆ, ಅಷ್ಟೇ. ಸೊನ್ನೆ ದರದ ಚೀಟಿ ಹೊರಗೆ ಹೋದರೆ ಜಗಳವೇ ಬರುತ್ತದೆ.

ಹಂತ 4: ಐವತ್ತು ಪೈಸೆ ಮಾಡಿದ ಕಿತಾಪತಿ

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಸೊನ್ನೆ ಇನ್ನೊಂದು ಬಾಗಿಲಿನಿಂದ ಬಂತು. ಚೀಲಕ್ಕೆ 12 ರೂಪಾಯಿ ಇದ್ದ ಹಮಾಲಿಯನ್ನು ಗುಮಾಸ್ತರು 12.50 ಮಾಡಿದರು. ಮರುದಿನ ಬೆಳಿಗ್ಗೆ 250 ಚೀಲದ ಲಾರಿಯ ಚೀಟಿಯಲ್ಲಿ 3,125 ರೂಪಾಯಿ ಇರಬೇಕಾದ ಕಡೆ ಸೊನ್ನೆ. ಹಮಾಲಿ ಮೇಸ್ತ್ರಿ ಚೀಟಿಯನ್ನು ಕಿಟಕಿಯೊಳಗೆ ಚಾಚಿ, "ಏನು ಸ್ವಾಮಿ, ದರ ಏರಿಸುತ್ತೇವೆ ಎಂದು ಪೂರ್ತಿ ಇಳಿಸಿಬಿಟ್ಟಿರಾ?" ಎಂದು ಕೇಳಿದರಂತೆ. ಗುಮಾಸ್ತರು ಆ ದಿನದ ಚೀಟಿಗಳಲ್ಲಿ ಹಮಾಲಿಯನ್ನು ಕೈಯಲ್ಲೇ ಬರೆದು ಕೆಲಸ ನಡೆಸಿದರು.

ಕಾರಣ ಇದು. ಹಣವನ್ನು ಪೂರ್ಣಾಂಕವಾಗಿ ಇಟ್ಟುಕೊಳ್ಳಬೇಕೆಂದು ಒಂದು ಕಡೆ ಟುನಂಬರ್ ಬದಲು ಲುವಾ_ಟುಇಂಟಿಜರ್ ಬಳಸಿದ್ದೆ. ಲುವಾದ ಹಳೆಯ ಆವೃತ್ತಿಗಳಲ್ಲಿ, ಅಂದರೆ 5.1ರ ಕಾಲದಲ್ಲಿ, 12.5 ಕೊಟ್ಟರೆ ಅದು ಭಿನ್ನರಾಶಿಯನ್ನು ಕತ್ತರಿಸಿ 12 ಕೊಡುತ್ತಿತ್ತು. 5.3ರಲ್ಲಿ ಪೂರ್ಣಾಂಕ ಪ್ರತ್ಯೇಕ ಉಪಪ್ರಕಾರವಾಗಿ ಬಂದ ಮೇಲೆ ನಿಯಮ ಬಿಗಿಯಾಗಿದೆ. ಸಂಖ್ಯೆಗೆ ನಿಖರವಾದ ಪೂರ್ಣಾಂಕ ರೂಪ ಇದ್ದರೆ ಮಾತ್ರ ಬದಲಾಯಿಸುತ್ತದೆ, ಇಲ್ಲದಿದ್ದರೆ ಆಗಲಿಲ್ಲವೆಂದು ಸೊನ್ನೆ ಕೊಡುತ್ತದೆ. 12 ಸರಿ, 13.00 ಕೂಡ ಸರಿ, 12.50 ಮಾತ್ರ ಸೊನ್ನೆ. ಪರೀಕ್ಷೆ ಮಾಡುವಾಗ ನಾನು ಹಾಕಿದ ಅಂಕಿಗಳೆಲ್ಲ ದುಂಡಗಿನವು, ಹಾಗಾಗಿ ಸಿಕ್ಕಿಬೀಳಲಿಲ್ಲ.

ಪ್ರಕಾರ ನೋಡುವ ಕಾವಲು ಇಲ್ಲಿ ಉಪಯೋಗಕ್ಕೆ ಬರಲಿಲ್ಲ, ಯಾಕೆಂದರೆ 12.50 ಸಂಖ್ಯೆಯೇ ತಾನೇ. ಹೆಸರಿನ ಕೊನೆಯಲ್ಲಿ ಎಕ್ಸ್ ಇರುವ ರೂಪಗಳು, ಲುವಾ_ಟುನಂಬರ್‌ಎಕ್ಸ್, ಲುವಾ_ಟುಇಂಟಿಜರ್‌ಎಕ್ಸ್, ಮೂರನೆಯ ಆರ್ಗ್ಯುಮೆಂಟ್‌ನಲ್ಲಿ ಬದಲಾವಣೆ ಆಯಿತೋ ಇಲ್ಲವೋ ಎಂದು ತಿಳಿಸುತ್ತವೆ. ಈಗ ಎಲ್ಲ ಕಡೆ ಅವೇ ಇವೆ. ದರವನ್ನು ದಶಮಾಂಶ ಸಂಖ್ಯೆಯಾಗಿ ಓದಿ, ನೂರರಿಂದ ಗುಣಿಸಿ, ಹತ್ತಿರದ ಪೂರ್ಣಾಂಕಕ್ಕೆ ತಂದು, ಒಳಗೆ ಪೈಸೆಯಲ್ಲೇ ಲೆಕ್ಕ ಮಾಡುತ್ತೇನೆ. ಗುಮಾಸ್ತರು ರೂಪಾಯಿಯಲ್ಲೇ ಬರೆಯುತ್ತಾರೆ. ಅವರಿಗೆ ಪೈಸೆಯಲ್ಲಿ ಬರೆಯಿರಿ ಎನ್ನುವುದು ಯಂತ್ರದ ಅನುಕೂಲಕ್ಕೆ ಮನುಷ್ಯನನ್ನು ಬಗ್ಗಿಸಿದಂತೆ.

ಹಂತ 5: ತೆಗೆಯದೆ ಬಿಟ್ಟ ಟೇಬಲ್

ದರಗಳು ಹೆಚ್ಚಾದಂತೆ ಬಿಡಿಬಿಡಿ ವೇರಿಯಬಲ್‌ಗಳ ಬದಲು ಎಲ್ಲವನ್ನೂ ದರ ಎಂಬ ಒಂದೇ ಟೇಬಲ್‌ನಲ್ಲಿ, ಅಂದರೆ ಹೆಸರಿಗೊಂದು ಮೌಲ್ಯ ಇಡುವ ಪಟ್ಟಿಯಲ್ಲಿ, ಇಟ್ಟೆ. ಓದುವಾಗ ಎರಡು ಹೆಜ್ಜೆ: ಗೆಟ್‌ಗ್ಲೋಬಲ್‌ನಿಂದ ಟೇಬಲ್, ಲುವಾ_ಗೆಟ್‌ಫೀಲ್ಡ್‌ನಿಂದ ಅದರೊಳಗಿನ ದರ. ಸ್ಟ್ಯಾಕ್ ಮೇಲೆ ಎರಡು ಕೂತವು. ಪಾಪ್ ಮಾಡಿದ್ದು ಹಳೆಯ ಅಭ್ಯಾಸದಂತೆ ಒಂದನ್ನು ಮಾತ್ರ.

ರೋಗದ ಲಕ್ಷಣ ವಿಚಿತ್ರವಾಗಿತ್ತು. ಬೆಳಿಗ್ಗೆ ಪ್ರೋಗ್ರಾಂ ತೆರೆದರೆ ಮೊದಲ ಕೆಲವು ಲಾರಿಗಳು ಸರಾಗ. ಆಮೇಲೆ ಯಾವುದೋ ಒಂದು ಲಾರಿಗೆ ಪ್ರೋಗ್ರಾಂ ಏಕಾಏಕಿ ಸತ್ತುಹೋಗುತ್ತದೆ. ಮತ್ತೆ ತೆರೆದರೆ ಮತ್ತೆ ಸರಿ. ಗುಮಾಸ್ತರು ಇದಕ್ಕೆ ಕರೆಂಟಿನ ಏರಿಳಿತ ಕಾರಣವೆಂದು ನಂಬಿದ್ದರು. ನಾನೂ ಯುಪಿಎಸ್ ಬದಲಿಸಿ ನೋಡಿ ಕಾಲ ಕಳೆದೆ.

ಪ್ರತಿ ಓದಿಗೂ ಒಂದು ಟೇಬಲ್ ಸ್ಟ್ಯಾಕ್‌ನಲ್ಲೇ ಉಳಿಯುತ್ತಿತ್ತು. ಸ್ಟ್ಯಾಕ್‌ನಲ್ಲಿ ಸಿ ಪ್ರೋಗ್ರಾಂಗೆ ಲುವಾ ಖಾತ್ರಿ ಕೊಡುವುದು 20 ಸ್ಥಾನಗಳನ್ನು. ಅದಕ್ಕಿಂತ ಹೆಚ್ಚು ಬೇಕಿದ್ದರೆ ಲುವಾ_ಚೆಕ್‌ಸ್ಟ್ಯಾಕ್ ಕರೆದು ಕೇಳಬೇಕು. ಕೇಳದೆ ಇಡುತ್ತಾ ಹೋದರೆ ಸಾಮಾನ್ಯ ಬಿಲ್ಡ್‌ನಲ್ಲಿ ಯಾರೂ ತಡೆಯುವುದಿಲ್ಲ. ತನ್ನದಲ್ಲದ ಮೆಮೊರಿಯ ಮೇಲೆ ಬರೆದುಕೊಂಡು ಹೋಗುತ್ತದೆ, ಎಲ್ಲಿ ಸಾಯುತ್ತದೆ ಎಂಬುದಕ್ಕೆ ನಿಯಮವಿಲ್ಲ.

ಇದನ್ನು ಹಿಡಿದುಕೊಟ್ಟದ್ದು ಲುವಾದಲ್ಲೇ ಇರುವ ಒಂದು ಸ್ವಿಚ್. ಪ್ಯಾಕೇಜನ್ನು ಬದಿಗಿಟ್ಟು ಲುವಾದ ಮೂಲವನ್ನೇ ಇಳಿಸಿಕೊಂಡು, ಲುವಾ_ಯೂಸ್_ಎಪಿಐಚೆಕ್ ಎಂಬ ಮ್ಯಾಕ್ರೊ ಕೊಟ್ಟು ಕಂಪೈಲ್ ಮಾಡಿದೆ. ಆಗ ಪ್ರತಿ ಕರೆಯಲ್ಲೂ ಸ್ಟ್ಯಾಕ್ ಮಿತಿ ಮೀರಿತೇ ಎಂದು ನೋಡಿ, ಮೀರಿದ ಜಾಗದಲ್ಲೇ ಸಾಲಿನ ಸಂಖ್ಯೆ ಹೇಳಿ ನಿಲ್ಲುತ್ತದೆ. ನಮ್ಮ ಸಿ ಫೈಲ್‌ಗೆ ಮಾತ್ರ ಆ ಮ್ಯಾಕ್ರೊ ಕೊಟ್ಟರೆ ಸಾಲದು, ಲುವಾ ಲೈಬ್ರರಿಯೇ ಹಾಗೆ ಕಟ್ಟಿದ್ದಾಗಿರಬೇಕು. ಡಿಬಗರ್ ಬಿಚ್ಚಿ ನೋಡಿದರೆ ಸ್ಟ್ಯಾಕ್ ತುಂಬ ಅದೇ ದರ ಟೇಬಲ್, ಒಂದರ ಮೇಲೊಂದು.

ಚೆಕ್‌ಸ್ಟ್ಯಾಕ್ ಹಾಕಿ ತೇಪೆ ಹಚ್ಚಬಹುದಿತ್ತು. ಮಿತಿ ಹತ್ತು ಲಕ್ಷದವರೆಗೆ ಇದೆ, ಸುಗ್ಗಿ ಮುಗಿಯುವ ತನಕ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗೆ ಮಾಡಲಿಲ್ಲ. ಲುವಾ ಮುಟ್ಟುವ ಪ್ರತಿ ಸಿ ಫಂಕ್ಷನ್‌ನ ಆರಂಭದಲ್ಲಿ ಲುವಾ_ಗೆಟ್‌ಟಾಪ್‌ನಿಂದ ಎತ್ತರ ಬರೆದಿಟ್ಟುಕೊಂಡು, ಹೊರಬರುವಾಗ ಅಷ್ಟೇ ಇದೆಯೇ ಎಂದು ಅಸರ್ಟ್ ಮಾಡುತ್ತೇನೆ, ಅಂದರೆ ಇಲ್ಲದಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ದೋಷ ಸಿಕ್ಕು ಅರ್ಧದಲ್ಲಿ ಹಿಂದಿರುಗುವ ದಾರಿಗಳಲ್ಲೇ ಪಾಪ್ ಮರೆಯುವುದು ಹೆಚ್ಚು. ಅಂಥ ಕಡೆ ಲುವಾ_ಸೆಟ್‌ಟಾಪ್‌ಗೆ ಹಳೆಯ ಎತ್ತರ ಕೊಟ್ಟುಬಿಟ್ಟರೆ ಎಷ್ಟು ಕೂತಿವೆ ಎಂದು ಎಣಿಸುವ ಗೊಡವೆಯೇ ಇಲ್ಲ.

ಹಂತ 6: ಕನ್ನಡದ ಹೆಸರುಗಳು

ಗುಮಾಸ್ತರಿಗೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಓದುವುದೆಂದರೆ ಕಿರಿಕಿರಿ. "ಸರ್, ಇದನ್ನು ಕನ್ನಡದಲ್ಲೇ ಬರೆಯಲು ಆಗುವುದಿಲ್ಲವೇ?" ಎಂದರು. ನ್ಯಾಯವಾದ ಮಾತು. ಲುವಾದ ವೇರಿಯಬಲ್ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಇಷ್ಟಕ್ಕೇ ಅವಕಾಶ. ಕನ್ನಡ ಅಕ್ಷರ ಕಂಡರೆ ಫೈಲ್ ಲೋಡ್ ಆಗುವಾಗಲೇ ನಿರಾಕರಿಸುತ್ತದೆ. ಆದರೆ ಟೇಬಲ್‌ನ ಕೀಲಿ, ಅಂದರೆ ಅದರೊಳಗಿನ ಹೆಸರು, ಯಾವ ಸ್ಟ್ರಿಂಗ್ ಬೇಕಾದರೂ ಆಗಬಹುದು. ಹಾಗಾಗಿ ಹೊರಗಿನ ದರ ಎಂಬ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಉಳಿಸಿ, ಒಳಗಿನದೆಲ್ಲ ಹೀಗೆ ಮಾಡಿದೆ:

ದರ = {
  ["ಹಮಾಲಿ"] = 12.50,
  ["ತೇವಾಂಶ ಮಿತಿ"] = 14,
  ["ಟನ್"] = 10,
}

ಸಿ ಫೈಲ್‌ನಲ್ಲೂ ಅದೇ ಕನ್ನಡ ಸ್ಟ್ರಿಂಗ್‌ಗಳನ್ನು ಗೆಟ್‌ಫೀಲ್ಡ್‌ಗೆ ಕೊಟ್ಟೆ. ಎರಡೂ ಫೈಲ್ ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲಿದ್ದರೆ ಬೈಟ್‌ಗೆ ಬೈಟ್ ಹೊಂದುತ್ತದೆ. ನನ್ನ ಯಂತ್ರದಲ್ಲಿ ಮೊದಲ ಪ್ರಯತ್ನಕ್ಕೇ ಹೊಂದಿತು.

ಗುಮಾಸ್ತರ ಕೈಗೆ ಹೋದ ಮೇಲೆ ಹೊಂದಲಿಲ್ಲ. ಅವರು ತಮ್ಮ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ತಿದ್ದಿ ಪೆನ್‌ಡ್ರೈವ್‌ನಲ್ಲಿ ತಂದಿದ್ದರು. ಟೈಪಿಂಗ್ ಕಲಿತದ್ದು ಹಳೆಯ ನುಡಿ ಫಾಂಟ್‌ಗಳ ಕಾಲದಲ್ಲಿ, ಕೀಬೋರ್ಡ್ ಇನ್ನೂ ಯೂನಿಕೋಡ್ ಅಲ್ಲದ ಸ್ಥಿತಿಯಲ್ಲೇ ಇತ್ತು. ಆ ಫಾಂಟ್ ಹಾಕಿ ನೋಡಿದರೆ ಚಂದದ ಕನ್ನಡ. ಫಾಂಟ್ ತೆಗೆದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಚಿತ್ರಾನ್ನ. ಲುವಾಕ್ಕೆ ಕಾಣುವುದು ಆ ಚಿತ್ರಾನ್ನವೇ. ಇದನ್ನು ಸರಿಪಡಿಸುವುದು ಸುಲಭ, ಕೀಬೋರ್ಡನ್ನು ಯೂನಿಕೋಡ್‌ಗೆ ಬದಲಿಸಿಕೊಟ್ಟೆ. ನೋಟ್‌ಪ್ಯಾಡ್ ಕೆಲವೊಮ್ಮೆ ಫೈಲ್‌ನ ಆರಂಭದಲ್ಲಿ ಸೇರಿಸುವ ಮೂರು ಬೈಟ್‌ಗಳ ಗುರುತಿನ ಬಗ್ಗೆ ಭಯವಿತ್ತು. ಲುವಾಎಲ್_ಲೋಡ್‌ಫೈಲ್ ಅದನ್ನು ತಾನೇ ದಾಟಿಕೊಳ್ಳುತ್ತದೆ. ಫೈಲನ್ನು ನೀವೇ ಓದಿ ಬಫರ್‌ನಿಂದ ಲೋಡ್ ಮಾಡಿದರೆ ಮಾತ್ರ ಆ ಬೈಟ್‌ಗಳನ್ನು ನೀವೇ ತೆಗೆಯಬೇಕು.

ನಿಜವಾಗಿ ತಲೆ ತಿಂದದ್ದು "ಟನ್". ಟನ್ನಿಗೆ ಇಷ್ಟು ಎಂಬ ಕಾಟಾ ಬಾಡಿಗೆಯ ಕೀಲಿ ಅದು. ಹಮಾಲಿ ಸಿಗುತ್ತದೆ, ತೇವಾಂಶ ಮಿತಿ ಸಿಗುತ್ತದೆ, ಟನ್ ಮಾತ್ರ ನಿಲ್. ತೆರೆಯ ಮೇಲೆ ಎರಡೂ ಟನ್‌ಗಳನ್ನು ಪಕ್ಕಪಕ್ಕ ಇಟ್ಟು ದೊಡ್ಡದು ಮಾಡಿ ನೋಡಿದರೂ ಕೂದಲೆಳೆಯ ವ್ಯತ್ಯಾಸವಿಲ್ಲ. ಕೊನೆಗೆ ಲುವಾದಲ್ಲೇ ಉದ್ದ ಕೇಳಿದೆ. ನನ್ನದು 9 ಬೈಟ್, ಅವರದು 12. ಟ, ನ, ಅರ್ಧಾಕ್ಷರದ ಚಿಹ್ನೆ, ಮೂರಕ್ಕೂ ಮೂರು ಮೂರು ಬೈಟ್ ಸೇರಿ 9. ಉಳಿದ ಮೂರು ಬೈಟ್ ಯಾವುದೆಂದು ಹೆಕ್ಸ್‌ನಲ್ಲಿ ನೋಡಿದರೆ, ಅಕ್ಷರಗಳು ಒತ್ತಾಗದಂತೆ ತಡೆಯಲು ಹಾಕುವ, ಕಣ್ಣಿಗೆ ಕಾಣದ ಜೋಡಣೆ-ತಡೆ ಚಿಹ್ನೆ. ಪದದ ನಡುವೆ ಇದ್ದರೆ ಅದರ ಪರಿಣಾಮ ಕಾಣುತ್ತದೆ. ಪದದ ಕೊನೆಯಲ್ಲಿ ಕೂತರೆ ಏನೂ ಕಾಣುವುದಿಲ್ಲ. ಅವರ ಕೀಬೋರ್ಡ್ ಪದದ ಕೊನೆಯ ಅರ್ಧಾಕ್ಷರಕ್ಕೆಲ್ಲ ಅದನ್ನು ಸೇರಿಸುತ್ತಿತ್ತು.

ಇದೇ ಜಾತಿಯ ಇನ್ನೊಂದು ಅಪಾಯವನ್ನು ಬೇಕೆಂದೇ ಪರೀಕ್ಷಿಸಿದೆ. ತೇವಾಂಶದ "ತೇ"ಯಲ್ಲಿರುವ ದೀರ್ಘ ಏತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಹ್ರಸ್ವ ಎತ್ವ ಮತ್ತು ದೀರ್ಘದ ಗುರುತು ಎಂದು ಎರಡು ಸಂಕೇತಗಳಾಗಿಯೂ ಬರೆಯಬಹುದು. ನೋಡಲು ಒಂದೇ, ಒಂದು 18 ಬೈಟ್, ಇನ್ನೊಂದು 21. ಲುವಾಕ್ಕೆ ಅವು ಬೇರೆ ಬೇರೆ ಕೀಲಿಗಳು.

ಮಾಡಿದ ವ್ಯವಸ್ಥೆ: ಅರ್ಧಾಕ್ಷರದಲ್ಲಿ ಮುಗಿಯುವ ಕೀಲಿ ಇಡುವುದಿಲ್ಲ, "ಟನ್" ಈಗ "ಕಾಟಾ ಬಾಡಿಗೆ". ಎರಡನೆಯದು, ಫೈಲ್ ಲೋಡ್ ಆದ ಕೂಡಲೇ ಸಿ ಕಡೆಯಿಂದ ಲುವಾ_ನೆಕ್ಸ್ಟ್ ಬಳಸಿ ಟೇಬಲ್‌ನ ಎಲ್ಲ ಕೀಲಿಗಳ ಮೇಲೆ ಹಾದು, ನನ್ನ ಪಟ್ಟಿಯಲ್ಲಿ ಇಲ್ಲದ ಕೀಲಿ ಕಂಡರೆ ಅದರ ಹೆಸರು ಮತ್ತು ಬೈಟ್ ಉದ್ದ ತೋರಿಸಿ ಲೋಡ್ ನಿಲ್ಲಿಸುತ್ತೇನೆ. ಬೇಕಾದದ್ದು ಇದೆಯೇ ಎಂದು ನೋಡುವುದರ ಜೊತೆಗೆ ಬೇಡದ್ದು ಇದೆಯೇ ಎಂದೂ ನೋಡಿದ ಮೇಲೆ ಗುಮಾಸ್ತರ ಫೋನ್ ಕರೆಗಳು ಕಡಿಮೆಯಾದವು. ಹೀಗೆ ಹಾಯುವಾಗ ಒಂದು ಎಚ್ಚರ: ಕೀಲಿ ಸಂಖ್ಯೆಯಾಗಿದ್ದರೆ ಅದರ ಮೇಲೆ ಲುವಾ_ಟುಸ್ಟ್ರಿಂಗ್ ಕರೆಯಬಾರದು. ಅದು ಸ್ಟ್ಯಾಕ್‌ನಲ್ಲಿರುವ ಸಂಖ್ಯೆಯನ್ನೇ ಸ್ಟ್ರಿಂಗ್ ಮಾಡಿಬಿಡುತ್ತದೆ, ನೆಕ್ಸ್ಟ್ ಮುಂದಿನ ಸುತ್ತಿನಲ್ಲಿ ದಾರಿ ತಪ್ಪುತ್ತದೆ. ಮೊದಲು ಪ್ರಕಾರ ನೋಡಿ.

ಹಂತ 7: ಸಿ ಕಡೆಯಿಂದ ಬರೆಯುವುದು

ಓದುವುದಕ್ಕಿಂತ ಬರೆಯುವುದು ಸುಲಭವೆಂದುಕೊಂಡಿದ್ದೆ. ಪುಶ್‌ನಂಬರ್‌ನಿಂದ ಮೌಲ್ಯವನ್ನು ಸ್ಟ್ಯಾಕ್‌ಗೆ ಹಾಕು, ಲುವಾ_ಸೆಟ್‌ಗ್ಲೋಬಲ್ ಕರೆ. ಅದು ಮೌಲ್ಯವನ್ನು ಎತ್ತಿಕೊಂಡು ಹೆಸರಿಗೆ ಕಟ್ಟುತ್ತದೆ, ಸ್ಟ್ಯಾಕ್‌ನಿಂದ ತಾನೇ ತೆಗೆಯುತ್ತದೆ, ಪಾಪ್ ಬೇಡ. ಪ್ರತಿ ಲಾರಿಗೂ ಲೋಡ್ ತೂಕ, ಖಾಲಿ ತೂಕ, ತೇವಾಂಶ, ಚೀಲಗಳ ಸಂಖ್ಯೆ ಬರೆದು, ಸ್ಕ್ರಿಪ್ಟ್‌ನ ಲೆಕ್ಕ ಎಂಬ ಫಂಕ್ಷನ್ ಕರೆದು, ಅದು ಬರೆದಿಟ್ಟ ಫಲಿತಾಂಶಗಳನ್ನು ಓದಿ ಚೀಟಿ ಮುದ್ರಿಸುವುದು ಯೋಜನೆ.

ಪರೀಕ್ಷೆಯ ಮೊದಲ ಲಾರಿ: ಲೋಡ್ 24,860 ಕಿಲೊ, ಖಾಲಿ 9,340, ನಿವ್ವಳ 15,520. ತೇವಾಂಶ 16.5, ಮಿತಿಗಿಂತ 2.5 ಹೆಚ್ಚು. ಈ ಮಂಡಿಯ ಲೆಕ್ಕದಲ್ಲಿ ಶೇಕಡ ಒಂದಕ್ಕೆ ಕ್ವಿಂಟಾಲ್‌ಗೆ ಒಂದು ಕಿಲೊ ಕಡಿತ. 155.2 ಕ್ವಿಂಟಾಲ್‌ಗೆ 388 ಕಿಲೊ. ಚೀಟಿ ಸರಿಯಾಗಿ ಬಂತು.

ಅದರ ನಂತರ ಬಂದ ಲಾರಿಯ ರೈತರು ಒಣ ಜೋಳ ತಂದಿದ್ದರು, ತೇವಾಂಶ 13.5. ಅವರ ಚೀಟಿಯಲ್ಲೂ 388 ಕಿಲೊ ಕಡಿತ. "ನಾಲ್ಕು ದಿನ ರಸ್ತೆ ಮೇಲೆ ಹರವಿ ಕಾಯ್ದು ಒಣಗಿಸಿದ್ದೇನೆ ಯಜಮಾನರೇ, ನೀವೇ ಕೈ ಹಾಕಿ ನೋಡಿ" ಎಂದು ಹಿಡಿ ಕಾಳನ್ನು ಕಿಟಕಿಯ ಹಲಗೆಯ ಮೇಲೆ ಸುರಿದರು. ಕಾಳು ಖಣಖಣ ಎಂದಿತು. ಕ್ವಿಂಟಾಲ್‌ಗೆ 2,200 ರೂಪಾಯಿ ಹಿಡಿದರೂ 8,536 ರೂಪಾಯಿ ಅನ್ಯಾಯವಾಗಿ ಹೋಗುತ್ತಿತ್ತು. ಹಳೆಯ ಪ್ರೋಗ್ರಾಂ ಪಕ್ಕದಲ್ಲೇ ಓಡುತ್ತಿದ್ದುದರಿಂದ ಅವರಿಗೆ ಸರಿಯಾದ ಚೀಟಿಯನ್ನು ಅಲ್ಲೇ ಕೊಟ್ಟೆವು.

ಸಿ ಕಡೆ ತೇವಾಂಶ ಸರಿಯಾಗಿಯೇ ಹೋಗಿತ್ತು. ತಪ್ಪು ಇದ್ದದ್ದು ಸ್ಕ್ರಿಪ್ಟ್‌ನಲ್ಲಿ. ಕಡಿತ ಎಂಬ ವೇರಿಯಬಲ್‌ಗೆ ತೇವಾಂಶ ಮಿತಿ ಮೀರಿದಾಗ ಮಾತ್ರ ಮೌಲ್ಯ ಬರೆಯುವಂತಿತ್ತು, ಅದರ ಮುಂದೆ ಲೋಕಲ್ ಇರಲಿಲ್ಲ. ಲುವಾದಲ್ಲಿ ಲೋಕಲ್ ಎನ್ನದೆ ಬರೆದದ್ದೆಲ್ಲ ಗ್ಲೋಬಲ್. ಹಿಂದಿನ ಲಾರಿಯ ಕಡಿತ ಹಾಗೆಯೇ ಉಳಿದು ಮುಂದಿನವರ ತಲೆಗೆ ಬಂತು. ಮೂರನೆಯ ಹಂತದಲ್ಲಿ ಲೋಕಲ್ ಇದ್ದದ್ದು ತೊಂದರೆಯಾಯಿತು, ಇಲ್ಲಿ ಇಲ್ಲದ್ದು.

ಮೊದಲ ಬದಲಾವಣೆ: ಲಾರಿಯ ವಿವರಗಳನ್ನು ಬಿಡಿ ಗ್ಲೋಬಲ್‌ಗಳಾಗಿ ಬರೆಯುವುದನ್ನು ಬಿಟ್ಟೆ. ಪ್ರತಿ ಲಾರಿಗೂ ಲುವಾ_ನ್ಯೂಟೇಬಲ್‌ನಿಂದ ಹೊಸ ಟೇಬಲ್, ಅದಕ್ಕೆ ಲುವಾ_ಸೆಟ್‌ಫೀಲ್ಡ್‌ನಿಂದ ಒಂದೊಂದೇ ವಿವರ, ಕೊನೆಗೆ ಸೆಟ್‌ಗ್ಲೋಬಲ್. ಹೊಸ ಟೇಬಲ್‌ನಲ್ಲಿ ಹಿಂದಿನ ಲಾರಿಯ ಪಳೆಯುಳಿಕೆ ಇರಲು ಸಾಧ್ಯವಿಲ್ಲ. ಫಲಿತಾಂಶದ ಟೇಬಲ್‌ಗೂ ಹೀಗೆಯೇ. ಸೆಟ್‌ಫೀಲ್ಡ್ ಕರೆಯುವಾಗ ಟೇಬಲ್ ಮೈನಸ್ 2ರಲ್ಲಿರುತ್ತದೆ, ಮೇಲಿರುವುದು ಆಗಷ್ಟೇ ಹಾಕಿದ ಮೌಲ್ಯ. ಮೈನಸ್ 1 ಕೊಟ್ಟರೆ ಸಂಖ್ಯೆಯನ್ನೇ ಟೇಬಲ್ ಎಂದುಕೊಂಡು ದೋಷ ಎಸೆಯುತ್ತದೆ, ಹಿಡಿಯುವವರು ಇಲ್ಲದಿದ್ದರೆ ಪ್ರೋಗ್ರಾಂ ಪೂರ್ತಿ ನಿಲ್ಲುತ್ತದೆ.

ಎರಡನೆಯ ಬದಲಾವಣೆ: ಗ್ಲೋಬಲ್ ಪಟ್ಟಿಗೆ ಕಾವಲು. ಟೇಬಲ್ ಹೇಗೆ ನಡೆದುಕೊಳ್ಳಬೇಕೆಂದು ಹೇಳುವ ಮೆಟಾಟೇಬಲ್‌ನ ನ್ಯೂಇಂಡೆಕ್ಸ್ ಜಾಗದಲ್ಲಿ ಒಂದು ಫಂಕ್ಷನ್ ಇಟ್ಟು, ಹೊಸ ಗ್ಲೋಬಲ್ ಹೆಸರು ಹುಟ್ಟಿಸಲು ಹೋದರೆ ದೋಷವೆನ್ನುವಂತೆ ಮಾಡಿದೆ. ಸ್ಕ್ರಿಪ್ಟ್‌ನಲ್ಲಿ ಲೋಕಲ್ ಮರೆತ ಜಾಗಗಳೆಲ್ಲ ಒಂದೊಂದಾಗಿ ಸಿಕ್ಕಿಬಿದ್ದವು. ಆದರೆ ಅದೇ ಕಾವಲು ನನ್ನ ಸಿ ಕೋಡನ್ನೂ ಹಿಡಿಯಿತು! ಸೆಟ್‌ಗ್ಲೋಬಲ್ ಕೂಡ ಮೆಟಾಟೇಬಲ್‌ನ ಮಾತು ಕೇಳುತ್ತದೆ. ಕಾವಲು ಹಾಕುವ ಮೊದಲೇ ಲಾರಿ ಎಂಬ ಹೆಸರಿಗೆ ಏನಾದರೂ ಒಂದು ಮೌಲ್ಯ ಇದ್ದರೆ ತಕರಾರಿಲ್ಲ. ನಾನು ಪ್ರತಿ ಚೀಟಿಯ ನಂತರ ಸ್ವಚ್ಛ ಮಾಡುವ ಉತ್ಸಾಹದಲ್ಲಿ ಅದನ್ನು ನಿಲ್ ಮಾಡುತ್ತಿದ್ದೆ. ನಿಲ್ ಆದರೆ ಆ ಹೆಸರೇ ಇಲ್ಲದಂತೆ, ಮುಂದಿನ ಲಾರಿಗೆ ಅದು ಮತ್ತೆ ಹೊಸ ಹೆಸರು, ಮತ್ತೆ ದೋಷ. ಈಗ ನಿಲ್ ಬದಲು ಫಾಲ್ಸ್ ಬರೆಯುತ್ತೇನೆ. ಹೆಸರು ಉಳಿಯುತ್ತದೆ, ಹಳೆಯ ವಿವರ ಹೋಗುತ್ತದೆ.

ಹಂತ 8: ಸ್ಟ್ರಿಂಗ್‌ನ ವಿಳಾಸ

ಚೀಟಿಯ ತಲೆಬರಹದ ಮಂಡಿ ಹೆಸರನ್ನೂ ದರದ ಫೈಲ್‌ನಲ್ಲೇ ಇಟ್ಟಿದ್ದೆ. ಟುಸ್ಟ್ರಿಂಗ್ ಕೊಡುವುದು ಲುವಾದ ಒಳಗಿನ ಸ್ಟ್ರಿಂಗ್‌ನ ವಿಳಾಸ, ನಮ್ಮ ಸ್ವಂತದ್ದಲ್ಲ. ಟೇಬಲ್ ಅದನ್ನು ಹಿಡಿದಿರುವ ತನಕ ಬದುಕಿರುತ್ತದೆ. ದರದ ಫೈಲ್ ಮತ್ತೆ ಲೋಡ್ ಆಗಿ ಹಳೆಯ ಟೇಬಲ್ ಹೋದ ಮೇಲೆ ಚೀಟಿಯ ತಲೆಯಲ್ಲಿ ಕಸ ಮುದ್ರಣವಾಯಿತು. ಪಾಪ್ ಮಾಡುವ ಮೊದಲೇ ನಮ್ಮ ಬಫರ್‌ಗೆ ನಕಲು ಮಾಡಿಕೊಳ್ಳಬೇಕು. ನಕಲಿಗೆ 32 ಬೈಟ್ ಜಾಗ ಇಟ್ಟಿದ್ದೆ. ಕೊನೆಯ ಸೊನ್ನೆ ಬಿಟ್ಟರೆ 31, ಅಂದರೆ ಕನ್ನಡದ ಹತ್ತು ಸಂಕೇತ ಮತ್ತು ಹನ್ನೊಂದನೆಯದರ ಮೂರನೇ ಒಂದು ಭಾಗ. ಹೆಸರಿನ ಕೊನೆಯಲ್ಲಿ ಚೌಕ ಬಂತು. ಈಗ ಉದ್ದ ಕೇಳಿ ಅಷ್ಟು ಜಾಗ ಪಡೆಯುತ್ತೇನೆ. ಬರೆಯುವ ದಿಕ್ಕಿನಲ್ಲಿ ಈ ಚಿಂತೆಯಿಲ್ಲ, ಪುಶ್‌ಸ್ಟ್ರಿಂಗ್ ತಾನೇ ನಕಲು ಮಾಡಿಕೊಳ್ಳುತ್ತದೆ.

ಹಂತ 9: ಸುಗ್ಗಿಯ ನಡುವೆ ದರ ಬದಲಿಸುವುದು

ಲುವಾದ ಜೊತೆ ನಡೆಸುವ ಇಡೀ ವ್ಯವಹಾರವನ್ನು ಒಂದು ಸಿ ಫಂಕ್ಷನ್‌ಗೆ ತುಂಬಿ, ದೋಷಗಳನ್ನು ಹಿಡಿಯುವ ಲುವಾ_ಪಿಕಾಲ್ ಮೂಲಕವೇ ಕರೆಯುತ್ತೇನೆ. ಏನೇ ದೋಷ ಬಂದರೂ ಸಂದೇಶವಾಗಿ ಬರುತ್ತದೆ, ಪ್ರೋಗ್ರಾಂ ಸಾಯುವುದಿಲ್ಲ.

ಗುಮಾಸ್ತರು ಹೊಸ ಫೈಲ್ ಉಳಿಸಿ ಗುಂಡಿ ಒತ್ತಿದರೆ, ಓಡುತ್ತಿರುವ ಲುವಾವನ್ನು ಮುಟ್ಟದೆ ಪಕ್ಕದಲ್ಲಿ ಇನ್ನೊಂದು ಹೊಸ ಸ್ಟೇಟ್, ಅಂದರೆ ಲುವಾದ ಪ್ರತ್ಯೇಕ ಪ್ರತಿ, ತೆರೆದು ಅದರಲ್ಲಿ ಲೋಡ್ ಮಾಡುತ್ತೇನೆ. ಕೀಲಿಗಳ ತಪಾಸಣೆ ಆಗುತ್ತದೆ. ಮೇಲೆ ಹೇಳಿದ ಎರಡು ಲಾರಿಗಳ ಅಂಕಿಗಳನ್ನೇ, ಒದ್ದೆಯದು ಮೊದಲು, ಒಣಗಿದ್ದು ಆಮೇಲೆ, ಕೊಟ್ಟು ಬಂದ ಮಾದರಿ ಚೀಟಿಯನ್ನು ತೆರೆಯ ಮೇಲೆ ತೋರಿಸುತ್ತದೆ. ಗುಮಾಸ್ತರು ನೋಡಿ ಸರಿ ಎಂದರೆ ಹೊಸದು ಜಾರಿ, ಹಳೆಯದನ್ನು ಲುವಾ_ಕ್ಲೋಸ್ ಮಾಡುತ್ತೇನೆ. ಅಲ್ಪವಿರಾಮ ಬಿಟ್ಟುಹೋಗಿದ್ದರೆ ಸಾಲಿನ ಸಂಖ್ಯೆ ಸಮೇತ ಸಂದೇಶ ಬರುತ್ತದೆ, ಹಳೆಯ ದರವೇ ಮುಂದುವರಿಯುತ್ತದೆ.

ಹಂತ 10: ಇನ್ನೂ ಬಗೆಹರಿಯದ್ದು

ಲಾರಿ ಲೋಡ್ ಸಮೇತ ಬೆಳಿಗ್ಗೆ ತೂಗುತ್ತದೆ, ಜೋಳ ಇಳಿಸಿ ಖಾಲಿ ತೂಕಕ್ಕೆ ಬರುವ ಹೊತ್ತಿಗೆ ಮಧ್ಯಾಹ್ನ. ನಡುವೆ ದರ ಬದಲಾದರೆ ಆ ಲಾರಿಗೆ ಯಾವ ದರ? ನನ್ನ ಪ್ರೋಗ್ರಾಂ ಮೊದಲು ಎರಡನೆಯ ತೂಕದ ಹೊತ್ತಿಗೆ ಜಾರಿಯಲ್ಲಿರುವುದನ್ನೇ ಹಿಡಿಯುತ್ತಿತ್ತು. ಸಾಹುಕಾರರ ಮಾತು ಸ್ಪಷ್ಟ: ಗೇಟಿನೊಳಗೆ ಬಂದಾಗ ಇದ್ದ ದರವೇ ಕೊನೆಯವರೆಗೆ. ದರಗಳನ್ನು ಮೊದಲ ತೂಕದ ದಾಖಲೆಯ ಜೊತೆಗೇ ಸಿ ಕಡೆ ಬರೆದಿಟ್ಟುಕೊಂಡು, ಎರಡನೆಯ ತೂಕದ ವೇಳೆಗೆ ಆ ಅಂಕಿಗಳನ್ನು ದರ ಟೇಬಲ್‌ಗೆ ಮರಳಿ ಬರೆದು ಲೆಕ್ಕ ಮಾಡಿಸುವುದು ಒಂದು ದಾರಿ. ದರದ ಮಟ್ಟಿಗೆ ಅದು ನಡೆಯುತ್ತಿದೆ. ಆದರೆ ಕಡಿತದ ರೀತಿಯೇ ಬದಲಾಗಿದ್ದರೆ, ಅಂದರೆ ಲೆಕ್ಕ ಫಂಕ್ಷನ್ನೇ ಬೇರೆಯಾಗಿದ್ದರೆ, ಅಂಕಿ ಉಳಿಸಿಕೊಂಡು ಪ್ರಯೋಜನವಿಲ್ಲ. ಹಳೆಯ ಸ್ಟೇಟನ್ನು ಅದರ ಕೊನೆಯ ಲಾರಿ ಹೊರಗೆ ಹೋಗುವ ತನಕ ಮುಚ್ಚದೆ ಇಟ್ಟುಕೊಳ್ಳುವ ಕೋಡ್ ಬರೆಯುತ್ತಿದ್ದೇನೆ. ಕರೆಂಟ್ ಹೋಗಿ ಯಂತ್ರ ಮತ್ತೆ ಶುರುವಾದರೆ ಆ ಸ್ಟೇಟ್ ಇರುವುದಿಲ್ಲವಾದ್ದರಿಂದ, ಪ್ರತಿ ದರದ ಫೈಲ್‌ನ ಪ್ರತಿಯನ್ನು ದಿನಾಂಕ ಮತ್ತು ಗಂಟೆಯ ಹೆಸರಿನಲ್ಲಿ ಡಿಸ್ಕ್‌ನಲ್ಲೂ ಉಳಿಸಬೇಕು. ಅಲ್ಲಿಯವರೆಗೆ ಗುಮಾಸ್ತರಿಗೆ ಹೇಳಿರುವುದಿಷ್ಟು: ಅಂಗಳದಲ್ಲಿ ಲಾರಿ ಇರುವಾಗ ಕಡಿತದ ಲೆಕ್ಕ ಮುಟ್ಟಬೇಡಿ, ಸಂಜೆ ಗೇಟ್ ಹಾಕಿದ ಮೇಲೆ ಬದಲಿಸಿ.